ನಿಂತ ಫಿಲ್ಮು

ನನ್ನ ಮೊಮ್ಮಗಳು ಮಾಡುವ ದೀಪಗಳಿಗೆ ಬೆಳಕು ಕೊಡುವುದೊಂದನ್ನು ಬಿಟ್ಟು ಉಳಿದ ಕೆಲಸವೆಲ್ಲ ಬರುತ್ತದೆ. ಒಂದು ಹಕ್ಕಿಗೂಡಿನ ಹಾಗಿರುತ್ತದೆ, ಇನ್ನೊಂದು ಗಾಳಿಗೆ ಮಗುಚಿಕೊಂಡ ಕೊಡೆಯ ಹಾಗೆ. ಒಂದಂತೂ ಎಷ್ಟು ಮಂಕಾಗಿತ್ತೆಂದರೆ, ಅದು ಉರಿಯುತ್ತಿದೆಯೋ ಇಲ್ಲವೋ ನೋಡಲು ನಾನು ಟಾರ್ಚ್ ಹಿಡಿದು ಹತ್ತಿರ ಹೋದೆ.

"ಅಜ್ಜಿ, ಇದು ಚಂದಕ್ಕೆ ಇಡೋ ದೀಪ," ಎಂದಳು.

"ಸರಿ ಕಣೆ. ನಿಮ್ಮಜ್ಜನೂ ಚಂದಕ್ಕೇ ಮನೇಲಿದ್ದರು. ಬೆಳಕೆಲ್ಲ ಟಾಕೀಸಿಗೆ," ಎಂದೆ.

ನನ್ನ ಯಜಮಾನರು ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಪ್ರೇಕ್ಷಕರ ತಲೆಯ ಹಿಂದೆ, ಮೇಲುಗಡೆಯ ಕ್ಯಾಬಿನ್ನಿನಲ್ಲಿ ನಿಂತು ಪರದೆಗೆ ಸಿನಿಮಾ ಬಿಡುವ ಕೆಲಸ. ಅದೇ ಕ್ಯಾಬಿನ್ನಿನ ಇನ್ನೊಬ್ಬ ಆಪರೇಟರ್ ನನ್ನ ಅಣ್ಣ. ನನ್ನ ಮದುವೆ ಮಾಡಿಸಿದವನೂ ಅವನೇ. ಅವನಿಗೆ ಮದುವೆಯಾಗಲಿಲ್ಲ. ಪರದೆಯ ಮೇಲೆ ಬಂದ ನಾಯಕಿಯರೊಬ್ಬೊಬ್ಬರ ಜೊತೆಗೂ ಮನಸ್ಸಿನಲ್ಲೇ ಸಂಸಾರ ಹೂಡಿ ಸುಸ್ತಾಗಿಬಿಟ್ಟಿದ್ದ. ಯಜಮಾನರು ಹೋದ ಮೇಲೆ ಅವನು ನನ್ನ ಮನೆಗೇ ಬಂದ. ಅವನ ಮೂಗು ಎಷ್ಟು ಉದ್ದವೆಂದರೆ, ಮೂಗು ಊಟಕ್ಕೆ ಬಂದು ಕೂತ ಎಷ್ಟೋ ಹೊತ್ತಿನ ಮೇಲೆ ಅವನು ಬರುತ್ತಾನೆ.

ಅಣ್ಣನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬವಿತ್ತು. ಓಡುವಾಗ ಫಿಲ್ಮು ಹರಿದರೆ ಆಪರೇಟರುಗಳು ಹರಿದ ತುದಿಯನ್ನು ಕತ್ತರಿಸಿ ಎಸೆದು, ಎರಡು ಕಡೆಯನ್ನೂ ಅಂಟಿಸಿ ಮತ್ತೆ ಓಡಿಸುತ್ತಿದ್ದರು. ಎಲ್ಲರೂ ಎಸೆಯುತ್ತಿದ್ದ ಆ ತುಂಡುಗಳನ್ನು ಇವನು ಡಬ್ಬಕ್ಕೆ ತುಂಬುತ್ತಿದ್ದ. ಒಂದರಲ್ಲಿ ಅರ್ಧ ಕಣ್ಣೀರು, ಒಂದರಲ್ಲಿ ಕುದುರೆಯ ಹಿಂಭಾಗ, ಒಂದರಲ್ಲಿ ಯಾರೋ ಬಾಗಿಲು ತೆಗೆಯುತ್ತಿರುವುದು. ಮೊಮ್ಮಗಳು ಕೇಳಿದ ತಕ್ಷಣ ಡಬ್ಬವನ್ನೇ ಎತ್ತಿ ಕೊಟ್ಟ.

ಅವಳು ಎಲ್ಲಿಂದಲೋ ಹಳೆಯ ಕಾಲದ ಸಿನಿಮಾ ಕ್ಯಾಮೆರಾದ ಚಿತ್ರ ನೋಡಿಕೊಂಡು ಬಂದಿದ್ದಳು. ಮೂರು ಕಾಲಿನ ಮೇಲೆ ಮರದ ಪೆಟ್ಟಿಗೆ, ಪಕ್ಕದಲ್ಲಿ ತಿರುಗಿಸುವ ಹಿಡಿ. ಆಗಿನವರು ಕೈಯಲ್ಲೇ ತಿರುಗಿಸಿ ಸಿನಿಮಾ ತೆಗೆಯುತ್ತಿದ್ದರಂತೆ. ಹಾಗೆಯೇ ಒಂದು ದೀಪ ಮಾಡಿದಳು. ಪೆಟ್ಟಿಗೆಯೊಳಗೆ ಬಲ್ಬು, ಸುತ್ತ ನಾಲ್ಕೂ ಕಡೆ ಗೋಡೆಯ ಬದಲು ಅಣ್ಣನ ಫಿಲ್ಮು ತುಂಡುಗಳ ಸಾಲು. ಹಿಡಿ ತಿರುಗಿಸಿದರೆ ಬೆಳಕು ನಿಧಾನವಾಗಿ ಏರುತ್ತದೆ, ಹಿಂದಕ್ಕೆ ತಿರುಗಿಸಿದರೆ ಇಳಿಯುತ್ತದೆ. ಮೊದಲ ಸಲ ಹಚ್ಚಿದಾಗ ನಾನೂ ಬಾಯಿ ಮುಚ್ಚಿಕೊಂಡು ನೋಡಿದೆ. ನಾನು ಬಾಯಿ ಮುಚ್ಚುವುದೆಂದರೆ ಸಮುದ್ರ ಬತ್ತಿದ ಹಾಗೆ.

ಅಣ್ಣ ಎದ್ದು ಹೋಗಿ ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಆರಿಸಿಬಿಟ್ಟ.

"ಯಾಕೆ ದೊಡ್ಡಜ್ಜ?"

"ಫಿಲ್ಮು ನಿಂತಿದೆಯಲ್ಲಮ್ಮ. ದೀಪದ ಮುಂದೆ ಫಿಲ್ಮು ನಿಲ್ಲಬಾರದು. ಓಡ್ತಾ ಇರಬೇಕು. ನಿಂತರೆ ಸುಟ್ಟುಹೋಗುತ್ತೆ."

"ಇದು ಬಿಸಿಯಾಗೋ ಬಲ್ಬಲ್ಲ ದೊಡ್ಡಜ್ಜ. ಮುಟ್ಟಿ ನೋಡು."

ಮತ್ತೆ ಹಚ್ಚಿ, ಅವನ ಅಂಗೈಯನ್ನು ಹಿಡಿದುಕೊಂಡು ಮೇಲಿನಿಂದ ಪೆಟ್ಟಿಗೆಯೊಳಗೆ ಇಳಿಸಿ ಬಲ್ಬಿನ ಮೇಲೇ ಇಟ್ಟಳು. ಅವನು ಒಪ್ಪಿಕೊಂಡ. "ಹೌದು, ತಣ್ಣಗಿದೆ," ಎಂದ. ಹೋಗಿ ಕುರ್ಚಿಯಲ್ಲಿ ಕೂತ. ನಾನು ಒಂದು ಸೀರೆ ಮಡಿಸಿ ಮುಗಿಸುವಷ್ಟರಲ್ಲಿ ಮತ್ತೆ ಎದ್ದು ಬಂದು ಆರಿಸಿದ.

ಪ್ರತಿದಿನ ಇದೇ ಆಯಿತು. ಅವಳು ಹಚ್ಚುವುದು, ಇವನು ಆರಿಸುವುದು. ನಾನು ನಗುತ್ತಿದ್ದೆ. ಆದರೆ ಅವಳಿಗೆ ಅದು ನಗುವ ವಿಷಯವಾಗಿರಲಿಲ್ಲ. ಅವಳು ದುಡಿಯುವ ಕಾರ್ಖಾನೆಯಲ್ಲಿ ದಿನವಿಡೀ ಬೇರೆಯವರು ಯೋಚಿಸಿದ ದೀಪಗಳಿಗೆ ಕಾಗದ ಅಂಟಿಸಬೇಕು. ಪೇಟೆಯ ದೊಡ್ಡ ದೀಪದಂಗಡಿಯ ಯಜಮಾನಿ ಇವಳ ದೀಪವನ್ನು ಅಂಗಡಿಯ ಗಾಜಿನ ಕಿಟಕಿಯಲ್ಲಿಡಲು ಒಪ್ಪಿದರೆ, ಇವಳ ಹೆಸರಿನಲ್ಲೇ ಕೆಲಸ ಬರಲು ಶುರುವಾಗುತ್ತದೆ. ಅಂಟಿನ ಬಕೆಟ್ಟಿನಿಂದ ಬಿಡುಗಡೆ.

ಒಂದು ಬೆಳಗ್ಗೆ ಆ ಯಜಮಾನಿ ನೋಡಲು ಮನೆಗೇ ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ. ದೀಪದ ಸುತ್ತ ಒಂದು ಸುತ್ತು ಬಂದರು, ಬಗ್ಗಿ ಕುದುರೆಯ ಹಿಂಭಾಗವನ್ನು ನೋಡಿ ನಕ್ಕರು. ಮೊಮ್ಮಗಳ ಮುಖ ಅರಳಿತು. ಅಷ್ಟರಲ್ಲಿ ನಮ್ಮಣ್ಣ ಎದ್ದು ಬಂದು, ಅವರ ಕಣ್ಣೆದುರಿಗೇ ಹಿಡಿ ತಿರುಗಿಸಿ ಆರಿಸಿದ.

"ಇವರು?" ಎಂದರು ಯಜಮಾನಿ.

"ನಮ್ಮ ದೊಡ್ಡಜ್ಜ. ಫಿಲ್ಮೆಲ್ಲ ಅವರದ್ದೇ," ಎಂದಳು ಹುಡುಗಿ.

ಯಜಮಾನಿ ಬ್ಯಾಗು ಹೆಗಲಿಗೆ ಹಾಕಿಕೊಂಡರು. "ನೋಡಮ್ಮ, ಹಿಂದೆ ಒಂದು ಗಡಿಯಾರ ತಗೊಂಡಿದ್ದೆ. ತಮ್ಮ ಮಾರಿದ, ಅಕ್ಕ ಬಂದು ಅಂಗಡಿ ಬಾಗಿಲಲ್ಲಿ ಕೂತು ಅತ್ತಳು. ಮನೆಯವರಿಗೆ ಮನಸ್ಸಿಲ್ಲದ ವಸ್ತು ನನಗೆ ಬೇಡ. ನಾಳೆ ಸಂಜೆ ಈ ಕಡೆ ಬರ್ತೀನಿ. ಇವರು ಮನಸಾರೆ ಒಪ್ಪಿದರೆ ಕೊಡಿ, ಇಲ್ಲ ಅಂದ್ರೆ ಬಿಡಿ."

ಅವರು ಹೋದ ಮೇಲೆ ಹುಡುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫಿಲ್ಮು ತುಂಡುಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಕ್ಕೆ ಹಾಕಲು ಕೂತಳು.

"ಇರಲಿ ದೊಡ್ಡಜ್ಜ. ನಿಂಗೆ ಇಷ್ಟ ಇಲ್ಲ ಅಂತ ಮೊದಲೇ ಹೇಳಿದ್ರೆ ಬೇರೆ ಏನಾದ್ರೂ ಮಾಡ್ತಿದ್ದೆ."

"ಇಷ್ಟ ಇದೆ ಕಣಮ್ಮ," ಎಂದ ಅಣ್ಣ. "ಕೈ ಕೇಳಲ್ಲ."

ಅವಳು ಡಬ್ಬವನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೋದಳು. ಅಣ್ಣ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಮಕ್ಕಳನ್ನು ನೋಡುವ ಹಾಗೆ ಅವುಗಳನ್ನೇ ನೋಡುತ್ತ ಕೂತ. ಆಗ ನನಗೆ ತಿಳಿಯಿತು, ಇವನು ಹೆದರುತ್ತಿರುವುದು ಫಿಲ್ಮಿಗಲ್ಲ ಎಂದು.

ನನ್ನ ಮದುವೆಯಾದ ಹೊಸತು. ಒಂದು ದಿನ ಕ್ಯಾಬಿನ್ನಿನಲ್ಲಿ ಫಿಲ್ಮಿನ ಮೇಲೆ ಕಣ್ಣಿಡುವ ಸರದಿ ಅಣ್ಣನದು. ಅವನು ಕಣ್ಣಿಟ್ಟಿದ್ದು ಕಿಂಡಿಯಾಚೆಯ ಪರದೆಯ ಮೇಲೆ. ತಾಯಿ ಮಗನನ್ನು ಬಿಟ್ಟು ಹೋಗುವ ದೃಶ್ಯ. ಆ ಸಿನಿಮಾವನ್ನು ಲಕ್ಷ ಸಲ ನೋಡಿದ್ದರೂ ಇವನಿಗೆ ಅಳು. ಅಷ್ಟರಲ್ಲಿ ಫಿಲ್ಮು ಸಿಕ್ಕಿಕೊಂಡು ದೀಪದ ಮುಂದೆ ನಿಂತುಬಿಟ್ಟಿತು. ಪರದೆಯ ಮೇಲೆ ತಾಯಿಯ ಮುಖ ಕಂದು ಬಣ್ಣಕ್ಕೆ ತಿರುಗಿ ಗುಳ್ಳೆಯೆದ್ದಿತು. ನನ್ನ ಯಜಮಾನರು ಓಡಿ ಬಂದು ಕಾದ ಯಂತ್ರದೊಳಗೆ ಬರಿಗೈ ಹಾಕಿ ಹೊತ್ತಿಕೊಂಡ ಫಿಲ್ಮನ್ನು ಕಿತ್ತರು. ಟಾಕೀಸು ಉಳಿಯಿತು, ಬಲಗೈ ಬೆಂದಿತು. ಆ ಅಂಗೈಯಲ್ಲಿ ಕಡೆಯವರೆಗೂ ಹೊಳೆಯುವ ಕಲೆಯಿತ್ತು. ಅಣ್ಣ ಆ ಮಾತನ್ನು ನನ್ನ ಮುಂದೆ ಎಂದೂ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ. ನನ್ನ ಕಾರಣ ಬೇರೆಯಿತ್ತು. ಒಡಹುಟ್ಟಿದವನ ಮುಂದೆ ಅದನ್ನು ಹೇಗೆ ಹೇಳುವುದು?

ಮರುದಿನ ಮಧ್ಯಾಹ್ನ ಹೇಳಿದೆ. ಇಷ್ಟು ವಯಸ್ಸಾದ ಮೇಲೆ ನಾಚಿಕೆಯನ್ನು ಇಟ್ಟುಕೊಂಡು ಏನು ಮಾಡಲಿ?

"ಅಣ್ಣ, ಭಾವನ ಕೈ ಸುಟ್ಟಿತಲ್ಲ, ಅದಕ್ಕೇ ತಾನೆ ನೀನು ಈ ದೀಪದ ಜೀವ ತೆಗೀತಿರೋದು?"

ಅವನು ಮುಖ ಆ ಕಡೆಗೆ ತಿರುಗಿಸಿದ. ಮೂಗು ಮಾತ್ರ ಈ ಕಡೆಯೇ ಉಳಿಯಿತು.

"ನಿನ್ನ ಸಂಸಾರ ಶುರುವಾಗೋ ಹೊತ್ತಿಗೇ ನಾನು..." ಎಂದ.

"ಶುರುವಾಗಿದ್ದೇ ಅದರಿಂದ ಕಣೋ."

"ಏನು?"

"ಮದುವೆಯಾಗಿ ತಿಂಗಳಾದರೂ ನಿನ್ನ ಭಾವ ನನ್ನ ಹತ್ರ ಆಡಿದ್ದು ಎರಡೇ ಮಾತು. ಒಂದು 'ಹ್ಞೂಂ'. ಇನ್ನೊಂದು 'ಊಹ್ಞೂಂ'. ನಾನು ಕಂಬದ ಜೊತೆ ಮದುವೆಯಾಗಿದ್ರೂ ಕಂಬ ಇದಕ್ಕಿಂತ ಹೆಚ್ಚು ಮಾತಾಡ್ತಿತ್ತು. ತವರಿಗೆ ಹೊರಟುಬಿಡೋಣ ಅಂತ ಬಟ್ಟೆ ಕಟ್ಟಿಟ್ಟಿದ್ದೆ, ಗೊತ್ತಾ ನಿಂಗೆ?"

ಅಣ್ಣ ಈಗ ನನ್ನ ಕಡೆ ತಿರುಗಿದ.

"ಅವತ್ತು ಕೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದರು. ಊಟ ಹೇಗೆ ಮಾಡೋದು? ಅತ್ತೆಗೆ ಕೈನಡುಕ, ತುತ್ತು ಕಿವಿಗೆ ಹೋಗ್ತಿತ್ತು. ನಾನೇ ತಿನ್ನಿಸಬೇಕಾಯ್ತು. ಮೊದಲನೇ ದಿನ ಕಣ್ಣು ಮುಚ್ಚಿಕೊಂಡು ತಿಂದರು. ಆಮೇಲೆ ಒಂದು ದಿನ 'ಉಪ್ಪು ಕಡಿಮೆ' ಅಂದರು. ನಾನು 'ನಿಮ್ಮ ಮಾತಿಗಿಂತ ಜಾಸ್ತಿ ಇದೆ' ಅಂದೆ. ನಕ್ಕುಬಿಟ್ಟರು. ಬಾಯಲ್ಲಿದ್ದದ್ದೆಲ್ಲ ನನ್ನ ಸೀರೆ ಮೇಲೆ. ಅವತ್ತಿಂದ ಮಾತು ನಿಲ್ಲಲೇ ಇಲ್ಲ ಕಣೋ. ಕೈ ವಾಸಿಯಾಗಿದ್ರೂ ಎಷ್ಟೋ ದಿನ ನಂಗೆ ಹೇಳಲೇ ಇಲ್ಲ, ಕಳ್ಳ. ಬಟ್ಟೆ ಸುತ್ತಿಕೊಂಡೇ ಊಟಕ್ಕೆ ಬರ್ತಿದ್ದರು."

ಅಣ್ಣ ಕುರ್ಚಿಯಲ್ಲಿ ಮುಂದಕ್ಕೆ ಜರುಗಿದ.

"ಕ್ಯಾಬಿನ್ನಿನಲ್ಲಿ ಬಿಚ್ಚಿಡ್ತಿದ್ದ," ಎಂದ. "ಮನೆಗೆ ಹೊರಡುವಾಗ ಮತ್ತೆ ಸುತ್ತು ಅಂತ ನನ್ನ ಹತ್ರಾನೇ ಸುತ್ತಿಸಿಕೊಳ್ತಿದ್ದ. ಧೂಳು ತಾಗದಿರಲಿ ಅಂತ ಇರಬೇಕು ಅಂದುಕೊಂಡಿದ್ದೆ."

ನಾನು ಇದನ್ನು ಕೇಳಿರಲಿಲ್ಲ. ಇಷ್ಟು ವರ್ಷದ ಮೇಲೆ, ಸತ್ತು ಹೋದ ಗಂಡನ ಮೇಲೆ ನನಗೆ ಮತ್ತೆ ಸಿಟ್ಟು ಬಂತು, ಆಮೇಲೆ ನಗು ಬಂತು. ಅಣ್ಣನಿಗೂ ಬಂತು. ಇಬ್ಬರೂ ಹಲ್ಲಿಲ್ಲದ ಬಾಯಿ ತೆರೆದು ನಕ್ಕ ರಭಸಕ್ಕೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಅವನು ಕಣ್ಣೊರೆಸಿಕೊಂಡ. ನಾನು ನೋಡಲಿಲ್ಲ ಎಂದುಕೊಂಡಿರಬೇಕು.

ಹುಡುಗಿ ಕೆಲಸದಿಂದ ಬಂದಾಗ ಅಣ್ಣ ಡಬ್ಬವನ್ನು ಅವಳ ಮುಂದಿಟ್ಟ. "ಮತ್ತೆ ಕೂರಿಸಮ್ಮ. ಅಂಗಡಿಯವರು ಬರೋ ಹೊತ್ತಾಯ್ತು," ಎಂದ. ಅವಳು ನನ್ನ ಮುಖ ನೋಡಿದಳು. ಏನೂ ಗೊತ್ತಿಲ್ಲದವಳ ಹಾಗೆ ನಾನು ಛಾವಣಿ ನೋಡಿದೆ. ತುಂಡುಗಳನ್ನು ಅವನು ಒಂದೊಂದಾಗಿ ಎತ್ತಿ ಕೊಟ್ಟ, ಅವಳು ಕೂರಿಸಿದಳು.

ಯಜಮಾನಿ ಬಂದರು. ದೀಪ ಉರಿಯುತ್ತಿತ್ತು. ಅಣ್ಣ ಕುರ್ಚಿಯಲ್ಲಿ ತನ್ನ ಎರಡೂ ಕೈಗಳ ಮೇಲೆ ತಾನೇ ಕೂತಿದ್ದ. ಅವರು ದೀಪವನ್ನು ನೋಡುವ ಬದಲು ಅವನನ್ನೇ ನೋಡಿದರು.

"ಏನು ಹೇಳ್ತೀರಿ ಯಜಮಾನರೇ? ಕೊಡೋಕೆ ಮನಸ್ಸಿದೆಯಾ?"

"ಮನಸ್ಸಿದೆ ತಾಯಿ. ಒಂದೇ ಮಾತು." ಅವನು ಕೈಗಳನ್ನು ಹೊರಗೆ ತೆಗೆದ. "ನಾವು ಕ್ಯಾಬಿನ್ನಿನಲ್ಲಿ ಸರದಿ ಬದಲಾಯಿಸುವಾಗ, ಬಂದವನು 'ನಾನು ನೋಡ್ಕೋತೀನಿ' ಅನ್ನೋವರೆಗೂ ಹೋಗುವವನು ಜಾಗ ಬಿಡ್ತಿರಲಿಲ್ಲ. ಅಂಗಡಿಯಲ್ಲಿ ಇದನ್ನ ಯಾರು ನೋಡ್ಕೋತಾರೆ?"

ಯಜಮಾನಿ ನಗಲಿಲ್ಲ. ಬ್ಯಾಗನ್ನು ಹೆಗಲಿನಿಂದ ಇಳಿಸಿದರು.

"ಬೆಳಗ್ಗೆ ಹಚ್ಚೋದೂ ನಾನೇ, ಬಾಗಿಲು ಹಾಕುವಾಗ ಆರಿಸೋದೂ ನಾನೇ," ಎಂದರು. "ನಾನು ನೋಡ್ಕೋತೀನಿ."

ಅಣ್ಣ ಎದ್ದು ನಿಂತ. ಒಂದು ಹೆಜ್ಜೆ ಹಿಂದೆ ಸರಿದು, ದೀಪದ ಪಕ್ಕದ ಜಾಗವನ್ನು ಅವರಿಗೆ ಬಿಟ್ಟುಕೊಟ್ಟ. ಆಮೇಲೆ ಒಳಗೆ ಹೋಗಿ ಸಂಜೆ ಹೊತ್ತಿನಲ್ಲೇ ಹಾಸಿಗೆಯ ಮೇಲೆ ಉರುಳಿದವನು, ಅವರು ದೀಪವನ್ನು ಬಟ್ಟೆಯಲ್ಲಿ ಸುತ್ತಿ ಗಾಡಿಗೆ ಏರಿಸುವಷ್ಟರಲ್ಲಿ ಬೀದಿ ನಡುಗುವ ಹಾಗೆ ಗೊರಕೆ ಹೊಡೆಯುತ್ತಿದ್ದ.

"ಅಜ್ಜಿ, ದೊಡ್ಡಜ್ಜನಿಗೆ ಏನು ಮಂತ್ರ ಹಾಕಿದೆ?" ಎಂದಳು ಹುಡುಗಿ.

"ನಿಂಗೆ ಮದುವೆಯಾಗಲಿ, ಹೇಳ್ತೀನಿ," ಎಂದೆ.