ಮುಂದಕ್ಕೆ ಎಳೆದ ಸೀಟು

ನಮ್ಮ ಯಜಮಾನರು ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಮಗಳು ನನ್ನ ಹಾಗೆ ಗಿಡ್ಡ. ಇದೇ ಒಂದು ದಿನ ನಮ್ಮ ಮಾನ ಕಳೆಯುತ್ತದೆಂದು ಯಾರು ಎಣಿಸಿದ್ದರು?

ಕಾರು ಕೊಂಡದ್ದು ಮಗಳಿಗೆ. ಆದರೆ ನಾವು ಕೇಳಿದ ಕಂಪನಿಯಲ್ಲಿ, ಹೊಸದಾಗಿ ಲೈಸೆನ್ಸ್ ಪಡೆದವರು ದಿನಾ ಓಡಿಸುವ ಕಾರಿಗೆ ವಿಮೆ ಬಲು ದುಬಾರಿ. ಇವರು ಬುದ್ಧಿ ಓಡಿಸಿದರು. "ದಿನಾ ಓಡ್ಸೋನು ನಾನು, ಅವಳು ಯಾವಾಗಲೋ ಒಮ್ಮೆ ಅಂದ್ರಾಯ್ತು. ಯಾರು ಬಂದು ನೋಡ್ತಾರೆ?" ಎಂದರು.

"ಬೇಡಪ್ಪಾ" ಎಂದು ಮಗಳು ಗೋಗರೆದಳು.

"ನಿಂಗೇನು ಗೊತ್ತಾಗುತ್ತೆ, ಸುಮ್ನಿರು."

ಓಡಿಸುವವರಂತೆ! ಇವರು ಕೆಲಸಕ್ಕೆ ಹೋಗಿಬರುತ್ತಿದ್ದದ್ದು ಕಾರ್ಖಾನೆಯ ಬಸ್ಸಿನಲ್ಲಿ.

ಮಗಳಿಗೆ ಆಂಬುಲೆನ್ಸ್ ಓಡಿಸುವ ಆಸೆ. ಒಂದು ವರ್ಷ ಕಾರು ಓಡಿಸಿ ಕೈ ಪಳಗಿದ ಮೇಲೆ, ಅದರ ಪರೀಕ್ಷೆ ಪಾಸಾಗಿ ಕೆಲಸಕ್ಕೆ ಕರೆಯೂ ಬಂದಿತ್ತು. ಅದೇ ವಾರ ಅಡ್ಡ ಬಂದ ನಾಯಿಯನ್ನು ಉಳಿಸಲು ಹೋಗಿ ಕಾರನ್ನು ಕಂಬಕ್ಕೆ ಗುದ್ದಿದಳು. ಅವಳಿಗೂ ಏನೂ ಆಗಲಿಲ್ಲ, ನಾಯಿಗೂ ಏನೂ ಆಗಲಿಲ್ಲ. ಅಷ್ಟಕ್ಕೇ ಬಿಡಬಾರದಿತ್ತೆ? ಅವಳ ಹೆಸರು ಬಂದರೆ ಮೊದಲ ಸುಳ್ಳು ಹೊರಬೀಳುತ್ತದೆಂದು ಇವರು "ಓಡಿಸುತ್ತಿದ್ದವನು ನಾನೇ" ಎಂದು ವಿಮೆಯ ಹಣಕ್ಕೆ ಕ್ಲೇಮು ಹಾಕಿದರು.

ನಷ್ಟ ಅಂದಾಜು ಮಾಡಲು ವಿಮೆಯ ಸರ್ವೇಯರು ನಾವು ಮೂವರೂ ಕಾಯುತ್ತಿದ್ದ ಗ್ಯಾರೇಜಿಗೆ ಬಂದ. ಎಳೆದು ತಂದ ಕಾರನ್ನು ಅಲ್ಲಿ ಇನ್ನೂ ಯಾರೂ ಮುಟ್ಟಿರಲಿಲ್ಲ. ಬಂಪರಿನ ಫೋಟೊ ತೆಗೆದುಕೊಂಡು, "ಸಾರ್, ಒಂದ್ಸಲ ಒಳಗೆ ಕೂತ್ಕೊಳ್ಳಿ. ಸೀಟು ಸರಿಸ್ಬೇಡಿ" ಎಂದ.

ಸೀಟು ಮಗಳ ಅಳತೆಗೆ ಪೂರ್ತಿ ಮುಂದಿತ್ತು. ಇವರು ಒಂದು ಕಾಲು ತೂರಿಸಿದರು. ಮೊಣಕಾಲು ಸ್ಟಿಯರಿಂಗಿನ ಕೆಳಗೆ ಸಿಕ್ಕಿಕೊಂಡಿತು. ಇನ್ನೊಂದು ಕಾಲು ಹೊರಗೇ ಉಳಿಯಿತು. ಮೆಕ್ಯಾನಿಕ್ ಕಿಸಕ್ಕನೆ ನಕ್ಕ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

"ಹೀಗೇ ಓಡಿಸ್ತಿದ್ರಾ ಸಾರ್?" ಎಂದ ಸರ್ವೇಯರು.

ಮಗಳು ಮುಂದೆ ಬಂದಳು. "ಓಡಿಸ್ತಿದ್ದದ್ದು ನಾನು. ಸುಳ್ಳು ಹೇಳಿ ಅಂತ ಅಪ್ಪನ್ನ ಒತ್ತಾಯ ಮಾಡಿದ್ದೂ ನಾನೇ."

ಮೊದಲ ಮಾತು ನಿಜ. ಎರಡನೆಯದು ಅಪ್ಪನನ್ನು ಉಳಿಸಲು ಆಡಿದ್ದು. ಇವರು ತಿದ್ದಬೇಕಿತ್ತು. ಬಗ್ಗಿ ಕಾಲು ಬಿಡಿಸಿಕೊಳ್ಳುವುದರಲ್ಲೇ ಇದ್ದರು.

ಕ್ಲೇಮು ಹೋಯಿತು, ಮಗಳ ಹೆಸರಿಗೇ ಮೋಸವೆಂದು ಬರೆದು ವಿಮೆ ರದ್ದಾಯಿತು. "ವಿಮೆಯಲ್ಲಿ ಮೋಸ ಮಾಡಿದವರ ಕೈಗೆ ಗಾಡಿ ಕೊಡಲ್ಲಮ್ಮ" ಎಂದು, ಕೆಲಸಕ್ಕೆ ಸೇರಿಸುವ ಮುನ್ನ ವಿಚಾರಿಸಿದಾಗ ಅದು ತಿಳಿದ ಆಂಬುಲೆನ್ಸಿನವರು ಮಗಳನ್ನು ಬೇಡವೆಂದರು. ಆಗ ಇವರಿಗೆ ಎಚ್ಚರವಾಯಿತು. ಅವರಲ್ಲಿಗೆ ಓಡಿ, ತಪ್ಪೆಲ್ಲ ತಮ್ಮದೆಂದು ಕೈಮುಗಿದರು. "ಮಗಳಿಗೋಸ್ಕರ ಯಾವ ಅಪ್ಪ ಆದ್ರೂ ಹೀಗೇ ಹೇಳ್ತಾನೆ ಬಿಡಿ" ಎಂದು ಅವರು ಸಾಗಹಾಕಿದರು.

ರಿಪೇರಿಯಾದ ಕಾರು ವಿಮೆಯಿಲ್ಲದೆ ಮನೆ ಮುಂದೆ ನಿಂತಿದೆ. ಇವರು ದಿನಾ ಒರೆಸುತ್ತಾರೆ, ಸೀಟು ಮಾತ್ರ ಸರಿಸುವುದಿಲ್ಲ. ಮಗಳು ಅದರ ಪಕ್ಕದಲ್ಲೇ ಹಾದು, ಅಂಗಡಿ ಕೆಲಸಕ್ಕೆ ಬಸ್ಸು ಹಿಡಿಯಲು ಓಡುತ್ತಾಳೆ.

"ಮಾರಿಬಿಡೋಣ" ಎಂದೆ ಮೊನ್ನೆ.

"ಅದು ಅವಳ ಕಾರು ಕಣೇ" ಎಂದರು.

ಈ ಮಾತನ್ನು ಇವರು ಮೊದಲ ದಿನವೇ ವಿಮೆಯವರಿಗೆ ಹೇಳಿದ್ದರೆ ಸಾಕಿತ್ತು.