ಕ್ಲಚ್ ರಾಡಿನ ನಟ್ಟು

ಲಾರಿ ಇನ್ನೂ ಕೆರೆಯ ತಿರುವಿನಲ್ಲಿರುವಾಗಲೇ ಮೇಸ್ತ್ರಿಗೆ ಅದರ ಸದ್ದು ಕೇಳಿಸಿತು. ಶೆಡ್ಡಿನೊಳಗೆ ಟ್ರ್ಯಾಕ್ಟರೊಂದರ ಹೊಟ್ಟೆಯ ಕೆಳಗೆ ಮಲಗಿದ್ದವನು ಸ್ಪ್ಯಾನರು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕಿವಿಗೊಟ್ಟ. ಎಂಜಿನ್ನಿನ ಗುಡುಗಿನ ಒಳಗೆಲ್ಲೋ ಒಂದು ಸಣ್ಣ ಕೀರಲು, ಎಣ್ಣೆ ಕಾಣದ ರಾಟೆ ತಿರುಗಿದ ಹಾಗೆ. ಏರು ಹತ್ತುವ ಮುಂಚೆ ಗೇರು ಬದಲಿಸಬೇಕಾದ ಜಾಗದಲ್ಲಿ ಕರ್ ಎಂದು ಹಲ್ಲು ಕಡಿದ ಶಬ್ದ. ಸ್ವಲ್ಪ ಬಿಟ್ಟು ಮತ್ತೊಮ್ಮೆ.

ಬೇರೆ ಯಾರ ಗಾಡಿಯಾದರೂ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಭಾವನ ಗಾಡಿ. ಅಕ್ಕನ ಗಂಡನಾದ ಆ ಮನುಷ್ಯನನ್ನು ಸುತ್ತಲಿನ ಹಳ್ಳಿಗಳಲ್ಲಿ ಹೂವಣ್ಣ ಎಂದೇ ಕರೆಯುತ್ತಿದ್ದರು. ಗಿಡ ಅಲುಗದ ಹಾಗೆ ಹೂವು ಬಿಡಿಸುವವರಂತೆ ಗೇರು ಹಾಕುತ್ತಾರೆಂದು ಯಾವುದೋ ಕಾಲದಲ್ಲಿ ಯಾರೋ ಆಡಿದ ಮಾತು ಹೆಸರಾಗಿ ಉಳಿದುಬಿಟ್ಟಿತ್ತು. ಇಟ್ಟಿಗೆ ಲೋಡಿನ ಮೇಲೆ ಮಲಗಿದ ಕೂಲಿಯವರು ಇಳಿಜಾರು ಇಳಿದು ಏರು ಹತ್ತಿದರೂ ಎಚ್ಚರಗೊಳ್ಳುತ್ತಿರಲಿಲ್ಲವಂತೆ. ಚಪ್ಪಲಿಯನ್ನು ಸೀಟಿನ ಹಿಂದಕ್ಕೆ ತಳ್ಳಿ ಬರಿಗಾಲಲ್ಲೇ ಓಡಿಸುವುದು ಅವರ ಪದ್ಧತಿ. ಪೆಡಲು ಎಲ್ಲಿ ಕಚ್ಚುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಅಂಗಾಲಿಗೆ ಗೊತ್ತಾಗಬೇಕು, ಚಪ್ಪಲಿಗಲ್ಲ ಎನ್ನುತ್ತಿದ್ದರು.

ಬೆಳಿಗ್ಗೆ ಅಕ್ಕ ಫೋನು ಮಾಡಿದ್ದಳು. ಹಿಂದಿನ ದಿನ ಇಟ್ಟಿಗೆ ಗೂಡಿನ ಹಿಂದಿನ ಇಳಿಜಾರಿನಲ್ಲಿ ಗೇರು ಬೀಳದೆ, ತುಂಬಿದ ಗಾಡಿ ತನ್ನಷ್ಟಕ್ಕೆ ಉರುಳಿ ಮಣ್ಣಿನ ಗುಡ್ಡೆಗೆ ಹೋಗಿ ನಿಂತಿತಂತೆ. ಇಟ್ಟಿಗೆ ಹೊರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಎಸೆದು ಪಕ್ಕಕ್ಕೆ ಹಾರದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಮನೆಗೆ ಬಂದವರು ಗೇರ್ ಬಾಕ್ಸ್ ಹೋಗಿದೆ ಎಂದಷ್ಟೇ ಹೇಳಿ ಊಟಕ್ಕೆ ಕೂತರಂತೆ. ಇದನ್ನೆಲ್ಲ ಹೇಳಿ ಮುಗಿಸಿ, ಅಕ್ಕ ದನಿ ಇಳಿಸಿದಳು.

"ಗಾಡಿ ನೋಡ್ತೀಯಲ್ಲ, ಹಾಗೇ ಅವರನ್ನೂ ಒಂದು ಸಲ ನೋಡು."

"ನಾನೇನು ಡಾಕ್ಟರಾ ಅಕ್ಕಾ? ಭಾವನಿಗೆ ಆಯಿಲ್ ಬದಲಾಯಿಸಲಾ?" ಎಂದಿದ್ದ ಅವನು. ಅಕ್ಕ ನಗಲಿಲ್ಲ.

ಲಾರಿ ಶೆಡ್ಡಿನ ಮುಂದೆ ನಿಂತಿತು. ಭಾವ ಇಳಿಯಲಿಲ್ಲ. ಎಂಜಿನ್ನನ್ನು ಹಾಗೇ ಬಿಟ್ಟು ಕಿಟಕಿಯಿಂದ ತಲೆ ಹೊರಹಾಕಿದರು.

"ಬಾಕ್ಸ್ ಹೋಯ್ತು ಕಣೋ. ಸೆಕೆಂಡ್ ಬೀಳೋದೇ ಇಲ್ಲ ಅಂತಿದೆ. ಮೊದಲೇ ಹೇಳಿರ್ತೀನಿ, ಆಮೇಲೆ ನನ್ನ ತಲೆಗೆ ಕಟ್ಟಬೇಡ."

"ನಿಮ್ಮ ತಲೇಲಿ ಜಾಗ ಎಲ್ಲಿದೆ ಭಾವ, ಇರೋದೆಲ್ಲ ಈ ಗಾಡೀನೇ. ಇಳೀರಿ, ನೋಡೋಣ."

ಮೇಸ್ತ್ರಿ ಅವಸರದ ಮನುಷ್ಯನಲ್ಲ. ಬಾನೆಟ್ಟು ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಕೊಂಡು, ಒಂದೊಂದೇ ಜಾಗ ಕೇಳುತ್ತಾ ಹೋದ. ಟ್ಯಾಪೆಟ್ಟುಗಳು ತಮ್ಮ ಪಾಡಿಗೆ ಟಕಟಕ ಎನ್ನುತ್ತಿದ್ದವು, ವಯಸ್ಸಿಗೆ ತಕ್ಕಷ್ಟು. ವಾಟರ್ ಪಂಪಿನಲ್ಲಿ ಏನೂ ಇಲ್ಲ. ಫ್ಯಾನ್ ಬೆಲ್ಟು ಬಿಚ್ಚಿಟ್ಟು, ಭಾವನನ್ನು ಮತ್ತೆ ಹತ್ತಿಸಿ ಸ್ಟಾರ್ಟು ಮಾಡಿಸಿದರೂ ಆ ಕೀರಲು ಹೋಗಲಿಲ್ಲ. ಕೊನೆಗೆ ಕೆಳಗೆ ನುಸುಳಿ, ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಕೂತಿರುವ ದೊಡ್ಡ ಕವಚಕ್ಕೆ ಸ್ಕ್ರೂಡ್ರೈವರು ಮುಟ್ಟಿಸಿದಾಗ ಸದ್ದು ನೇರ ತಲೆಯೊಳಗೇ ಹೊಕ್ಕಂತಾಯಿತು. ಕ್ಲಚ್ ಒತ್ತಿ ಎಂದು ಕೂಗಿದ. ಒತ್ತಿದಾಗ ಕೀರಲು ಗರಗಸವಾಯಿತು.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ, ಸದ್ದು ಎಂಜಿನ್ನಿನದಲ್ಲ, ಕ್ಲಚ್ ಬೇರಿಂಗಿನದು, ಬಾಕ್ಸ್ ಇಳಿಸಲೇಬೇಕು ಎಂದ. ಭಾವನ ಮುಖ ಅರಳಿತು. ತಪ್ಪು ಕಬ್ಬಿಣದ್ದೇ ಎಂದು ಗೊತ್ತಾದರೆ ಅರಳುವ ಮುಖ ಅದು. ಮೇಸ್ತ್ರಿಗೂ ಎದೆ ಹಗುರಾಯಿತು. ಅಕ್ಕನಿಗೆ ಹೇಳಲು ಒಳ್ಳೆಯ ಸುದ್ದಿಯೇ ಸಿಕ್ಕಿತ್ತು.

ಮಾರನೆಯ ದಿನ ಗೇರ್ ಬಾಕ್ಸು ಇಳಿಯಿತು. ಭಾವ ಮನೆಯಲ್ಲಿ ಕೂರದೆ ಬಂದು, ಕೆಳಗೊಂದು ಗೋಣಿಚೀಲ ಹಾಸಿಕೊಂಡು, ಬಿಚ್ಚಿದ ಒಂದೊಂದು ತುಂಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದರು. ಮೊದಲ ಮಗಳು ಹುಟ್ಟಿದ ವರ್ಷ ಬಂದ ಗಾಡಿ ಇದು, ಅವಳ ಮದುವೆಯ ಪಾತ್ರೆಪಗಡಗಳನ್ನೂ ಇದೇ ಹೊತ್ತಿತ್ತು ಎಂದೆಲ್ಲ ಹೇಳುತ್ತಾ, ಗೇರಿನ ಹಲ್ಲುಗಳ ಸಂದಿನಲ್ಲಿ ಬ್ರಷ್ಷು ಆಡಿಸುತ್ತಿದ್ದರು. ಮಗುವಿನ ಕಿವಿ ಒರೆಸುವವರ ಹಾಗೆ ಕಾಣುತ್ತಿತ್ತು.

ಬೇರಿಂಗು ಸುಟ್ಟು ನೀಲಿಯಾಗಿತ್ತು. ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಾದದ್ದು ಉಳಿದ ಸಾಮಾನು ನೋಡಿ. ಗೇರಿನ ಹಲ್ಲುಗಳ ತುದಿ ಅಲ್ಲಲ್ಲಿ ಮುಕ್ಕಾಗಿದ್ದರೂ ಬಾಕ್ಸು ಗಟ್ಟಿಯಾಗಿತ್ತು. ಕ್ಲಚ್ ಪ್ಲೇಟು ಇನ್ನೂ ದಪ್ಪವಿತ್ತು. ಪೆಡಲಿನ ಪಿನ್ನು, ಬುಷ್ಷು ಯಾವುದೂ ಸವೆದಿರಲಿಲ್ಲ. ಮೇಸ್ತ್ರಿ ಅವನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ಅಲುಗಿಸಿ ನೋಡಿದ. ಮತ್ತೆ ನೋಡಿದ. ಆಮೇಲೆ ಪೆಡಲಿನಿಂದ ಕ್ಲಚ್ಚಿಗೆ ಹೋಗುವ ರಾಡನ್ನು ಕೈಗೆತ್ತಿಕೊಂಡ.

ಆ ರಾಡಿನ ತುದಿಯಲ್ಲಿ ಥ್ರೆಡ್ಡು ಇರುತ್ತದೆ, ಅದರ ಮೇಲೊಂದು ನಟ್ಟು. ನಟ್ಟು ಬಿಗಿದರೆ ಪೆಡಲನ್ನು ಸ್ವಲ್ಪವೇ ತುಳಿದರೂ ಕ್ಲಚ್ಚು ಬಿಡುತ್ತದೆ. ಸಡಿಲಿಸಿದರೆ ಪೂರ್ತಿ ನೆಲಕ್ಕೆ ತುಳಿಯಬೇಕು. ಪ್ಲೇಟು ಸವೆಯುತ್ತಾ ಬಂದ ಹಾಗೆ ಈ ನಟ್ಟನ್ನು ಸಡಿಲಿಸುತ್ತಾ ಬರುವುದು ವಾಡಿಕೆ. ಇಲ್ಲಿ ಅದು ಬಿಗಿಯುತ್ತಾ ಬಿಗಿಯುತ್ತಾ ಥ್ರೆಡ್ಡಿನ ಕೊನೆಗೆ ಹೋಗಿ ನಿಂತಿತ್ತು. ಬೇರಿಂಗು ಪೆಡಲು ತುಳಿಯದಾಗಲೂ ಉಜ್ಜಿಕೊಂಡೇ ತಿರುಗಿ ಸುಟ್ಟದ್ದು ಅದಕ್ಕೇ.

ಬಿಗಿದವನು ತಾನೇ. ಸುಗ್ಗಿಯ ಹೊತ್ತಿಗೆ ಒಮ್ಮೆ ಭಾವ ಬಂದು ಗೇರು ಒರಟಾಗಿದೆ ಎಂದಿದ್ದರು. ಲಾರಿಯ ಕೆಳಗೆ ನುಸುಳಿ ಎರಡು ಸುತ್ತು ಬಿಗಿದು ಕಳಿಸಿದ್ದ. ಮಳೆಗಾಲ ಹಿಡಿಯುವ ಮುಂಚೆ ಮತ್ತೊಮ್ಮೆ. ಆಮೇಲೆಯೂ ಒಮ್ಮೆ, ಮಾತಾಡುತ್ತಾ ಮಾತಾಡುತ್ತಾ. ಹಳೆಯ ಗಾಡಿ, ಪಿನ್ನೋ ಬುಷ್ಷೋ ಸವೆದು ಪೆಡಲು ಸಡಿಲವಾಗಿರಬೇಕು ಎಂದುಕೊಂಡಿದ್ದನೇ ಹೊರತು ಬಿಚ್ಚಿ ನೋಡಿರಲಿಲ್ಲ. ಮನೆಯವರ ಗಾಡಿ ಎಂಬ ಸಲಿಗೆ. ಈಗ ಆ ಪಿನ್ನು, ಆ ಬುಷ್ಷು ಬಟ್ಟೆಯ ಮೇಲೆ ಹೊಸದರಂತೆ ಹೊಳೆಯುತ್ತಾ ಕೂತಿದ್ದವು. ಗಾಡಿಯಲ್ಲಿ ಏನೂ ಸವೆದಿಲ್ಲ ಎಂದಾದರೆ ಅಷ್ಟು ಸುತ್ತು ಹೋದದ್ದು ಯಾವುದಕ್ಕೆ?

ಅವನು ಭಾವನ ಕಡೆ ನೋಡಲಿಲ್ಲ. ಹೊಸ ಬೇರಿಂಗು ಹಾಕಿ, ಬಾಕ್ಸು ಏರಿಸಿ, ನಟ್ಟನ್ನು ಅದು ಇರಬೇಕಾದ ಜಾಗಕ್ಕೆ ತಂದು ನಿಲ್ಲಿಸಿದ.

ಸಂಜೆಯ ಹೊತ್ತಿಗೆ ಮೊದಲು ತಾನೇ ಓಡಿಸಿಕೊಂಡು ಕೆರೆಯ ತಿರುವಿನವರೆಗೆ ಹೋಗಿ ಬಂದ. ಕೀರಲು ಮಾಯವಾಗಿತ್ತು. ಸೆಕೆಂಡ್, ಥರ್ಡ್, ಮತ್ತೆ ಸೆಕೆಂಡ್, ಬೆಣ್ಣೆಯಲ್ಲಿ ಚಾಕು ಹೋದಂತೆ ಬಿದ್ದವು. ಇದಕ್ಕಿಂತ ಚೆನ್ನಾಗಿ ಅವನ ಕೈಯಲ್ಲಿ ಯಾವ ಗಾಡಿಯೂ ರಿಪೇರಿಯಾಗಿರಲಿಲ್ಲ. ಆದರೂ ವಾಪಸು ಬರುವ ದಾರಿಯಲ್ಲಿ, ಎಲ್ಲಾದರೂ ಒಂದು ಕಡೆ ಕಚ್ಚಿಕೊಳ್ಳಬಾರದೇ, ಸಣ್ಣದೊಂದು ದೋಷ ಉಳಿದಿರಬಾರದೇ ಎಂದು ಮನಸ್ಸು ಹುಡುಕುತ್ತಿತ್ತು.

"ಈಗ ನೀವು," ಎಂದು ಇಳಿದು, ಸುತ್ತಿ ಬಂದು, ಕ್ಲೀನರ್ ಸೀಟಿನಲ್ಲಿ ಕೂತ.

ಭಾವ ಚಪ್ಪಲಿ ಹಿಂದಕ್ಕೆ ತಳ್ಳಿದರು. ಫಸ್ಟ್ ಹೇಗೋ ಬಿತ್ತು. ಸೆಕೆಂಡಿಗೆ ಎಳೆದಾಗ ಹಲ್ಲು ಕಡಿಯಿತು. ಮತ್ತೆ ಎಳೆದರು, ಮತ್ತೆ ಕಡಿಯಿತು, ಮೊದಲಿಗಿಂತ ಜೋರಾಗಿ. ಮೇಸ್ತ್ರಿ ರಸ್ತೆ ನೋಡುತ್ತಿರಲಿಲ್ಲ. ಅವನ ಕಣ್ಣು ಎಡಗಾಲಿನ ಮೇಲಿತ್ತು. ಕಾಲು ಪೆಡಲನ್ನು ತುಳಿಯುತ್ತಿತ್ತು, ಅರ್ಧಕ್ಕೆ ನಿಲ್ಲುತ್ತಿತ್ತು. ನೆಲ ಮುಟ್ಟಿದೆ ಎಂದೇ ಆ ಕಾಲು ನಂಬಿದಂತಿತ್ತು. ಪೆಡಲಿಗೂ ನೆಲಕ್ಕೂ ನಡುವೆ ಒಂದು ಮುಷ್ಟಿ ಜಾಗ ಉಳಿದಿತ್ತು.

"ನೋಡಿದೆಯಾ?" ಎಂದರು ಭಾವ, ಗೆದ್ದವರ ದನಿಯಲ್ಲಿ. "ಪೂರ್ತಿ ಒತ್ತಿದೀನಿ. ಇನ್ನೆಲ್ಲಿ ಒತ್ತಲಿ?"

ಗಾಡಿ ತಿರುಗಿಸಿಕೊಂಡು ಶೆಡ್ಡಿಗೆ ಬಂದರು. ಭಾವ ಬರಿಗಾಲಲ್ಲೇ ಇಳಿದು, ಗ್ರೈಂಡರಿನ ಪಕ್ಕ ಹಾದು, ನೀರಿನ ಡ್ರಮ್ಮಿನ ಹತ್ತಿರ ಹೋಗಿ ಮುಖಕ್ಕೆ ನೀರು ಚಿಮುಕಿಸಿಕೊಂಡರು. ಹಿಂದಿರುಗಿ ಬರುವಾಗ ಸಿಮೆಂಟು ನೆಲದ ಮೇಲೆ ಹೆಜ್ಜೆ ಮೂಡುತ್ತಿದ್ದವು. ಬಲಗಾಲಿನದು ಬರೀ ನೀರು. ಎಡಗಾಲಿನದರಲ್ಲಿ ಕೆಂಪು ಬೆರೆತಿತ್ತು.

ಮೇಸ್ತ್ರಿ ಅವರನ್ನು ಟೂಲ್ ಪೆಟ್ಟಿಗೆಯ ಮೇಲೆ ಕೂರಿಸಿ ಕಾಲನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡ. ಭಾವ ಸಂಕೋಚದಿಂದ, "ಏಯ್, ಕಾಲು ಯಾಕೋ ಹಿಡೀತೀಯಾ," ಎಂದು ಎಳೆದುಕೊಳ್ಳಲು ನೋಡಿದರು. ಅಂಗಾಲಿನಲ್ಲಿ, ಹಿಮ್ಮಡಿಯ ಹತ್ತಿರ, ಉಗುರಿನಷ್ಟುದ್ದದ ಕಬ್ಬಿಣದ ಚೂರು ನೆಟ್ಟಿತ್ತು. ಅವನು ಇಕ್ಕಳದಲ್ಲಿ ಅದನ್ನು ಕಿತ್ತ. ಕಾಲು ಅಲುಗಲೂ ಇಲ್ಲ.

ಭಾವ ಆ ಚೂರನ್ನು ನೋಡಿದರು, ಕಾಲನ್ನು ನೋಡಿದರು. ಆಮೇಲೆ ತಾವೇ ಮಾತು ತೆಗೆದರು. ಮೊದಮೊದಲು ಜೋಮು ಹಿಡಿದಂತೆ ಇತ್ತಂತೆ. ಆಮೇಲೆ ದಪ್ಪ ಕಾಲುಚೀಲ ಹಾಕಿಕೊಂಡ ಹಾಗೆ. ಮನೆಯಲ್ಲಿ ಹೇಳಿದರೆ ಕೀಲಿಕೈಯನ್ನೇ ಬಚ್ಚಿಡುತ್ತಾಳೆಂದು ಹೇಳಲಿಲ್ಲವಂತೆ. ಪೆಡಲು ಅಂಗಾಲಿಗೆ ಸಿಗದಿದ್ದರೇನಂತೆ, ಎಂಜಿನ್ನಿನ ಸದ್ದು ಕೇಳಿಕೊಂಡೇ ಗೇರು ಹಾಕುತ್ತಿದ್ದರಂತೆ, ಈ ಕೀರಲು ಶುರುವಾಗಿ ಅದನ್ನೂ ಕೆಡಿಸುವವರೆಗೆ.

"ನೀನು ಒಂದು ಕೆಲಸ ಮಾಡು," ಎಂದರು. ದನಿ ತಗ್ಗಿತ್ತು. "ಲೇತಿನಲ್ಲಿ ಇನ್ನೊಂದು ರಾಡು ಮಾಡು. ಥ್ರೆಡ್ಡು ಸ್ವಲ್ಪ ಉದ್ದ ಇರಲಿ. ಅರ್ಧಕ್ಕೇ ಬಿಡೋ ಹಾಗೆ ಮಾಡಿಕೊಡು. ಬೇರಿಂಗ್ ಹೋದರೆ ಹೋಗಲಿ, ವರ್ಷಕ್ಕೊಂದು ಹಾಕೋಣ."

ಅದು ಮಾಡಬಹುದಾದ ಕೆಲಸ. ಲೇತು ಅಲ್ಲೇ ಇತ್ತು, ರಾಡಿಗೆ ಬೇಕಾದ ಕಬ್ಬಿಣವೂ ಮೂಲೆಯಲ್ಲಿ ಇತ್ತು. ತನ್ನ ಮದುವೆಯ ದಿನ ಮನೆಯವರನ್ನೆಲ್ಲ ಈ ಲಾರಿಯಲ್ಲೇ ತುಂಬಿಕೊಂಡು ಹೋದವರು, ಅಪ್ಪ ಹೋದಾಗ ಈ ಶೆಡ್ಡಿಗೆ ಮೊದಲ ಕೆಲಸ ತಂದವರು ಎದುರಿಗೆ ಕೂತು, ಯಾವತ್ತೂ ಏನೂ ಕೇಳದವರು ಕೇಳುತ್ತಿದ್ದರು. ಮೇಸ್ತ್ರಿ ಗಾಯದ ಸುತ್ತ ಬಟ್ಟೆ ಸುತ್ತುತ್ತಲೇ ಇದ್ದ. ಗಂಟು ಹಾಕಿದ ಮೇಲೆಯೂ ಕಾಲು ಕೆಳಗಿಳಿಸಲಿಲ್ಲ.

"ಅದನ್ನೇ ಮಾಡ್ತಾ ಬಂದೆ ಭಾವ. ಮಾಡ್ತಾ ಇದೀನಿ ಅಂತ ಗೊತ್ತಿಲ್ಲದೇ ಮಾಡಿದೆ. ಆ ಗುಡ್ಡೆ ಹತ್ರ ಆ ಹೆಂಗಸು ಹಾರಲಿಲ್ಲ ಅಂದಿದ್ರೆ, ಅದರಲ್ಲಿ ನನ್ನ ಸ್ಪ್ಯಾನರೂ ಇರ್ತಿತ್ತು. ಇನ್ನು ಗೊತ್ತಿದ್ದೂ ತಿರುಗಿಸೋಕೆ ಕೈ ಬರಲ್ಲ."

"ಬ್ರೇಕು ಬಲಗಾಲಿಂದು ಕಣೋ. ಬಲಗಾಲು ಚೆನ್ನಾಗಿದೆ."

"ಇವತ್ತು ಚೆನ್ನಾಗಿದೆ."

ಭಾವ ಲಾರಿಯ ಕಡೆ ನೋಡುತ್ತಾ ಕೂತರು. ಬಾನೆಟ್ಟಿನ ಮೇಲಿನ ಬಿಸಿಲು ಇಳಿದು ಬಂಪರಿಗೆ ಬಂತು. ಆಮೇಲೆ ಎದ್ದು, ಕುಂಟದೆ, ಲಾರಿಯ ಹತ್ತಿರ ಹೋದರು. ಅಭ್ಯಾಸದಿಂದ ಡ್ರೈವರ್ ಬಾಗಿಲ ಹಿಡಿಗೆ ಕೈ ಹೋಯಿತು. ಅದನ್ನು ಹಿಡಿದುಕೊಂಡೇ ಸ್ವಲ್ಪ ನಿಂತು, ಬಿಟ್ಟು, ಮುಂದಿನಿಂದ ಸುತ್ತಿ ಆ ಕಡೆಯ ಬಾಗಿಲು ತೆರೆದರು. ಹೇಗೆ ಹತ್ತುವುದೆಂದು ಅವರಿಗೆ ತಿಳಿಯಲಿಲ್ಲ. ಆ ಕಡೆಯ ಹಿಡಿ ಎಲ್ಲಿದೆ ಎಂದು ಅಷ್ಟು ವರ್ಷದಲ್ಲಿ ಅವರು ನೋಡಿರಲಿಲ್ಲ. ಮೇಸ್ತ್ರಿ ಕೈ ಕೊಟ್ಟ.

ಮೇಸ್ತ್ರಿ ತಾನೇ ಲಾರಿ ಹೊರಡಿಸಿದ. ಇಟ್ಟಿಗೆ ಗೂಡಿನ ಇಳಿಜಾರು ಬಂದಾಗ ಭಾವ, ಎಂಜಿನ್ನಿಗೆ ಕಿವಿಗೊಟ್ಟಿದ್ದವರು, "ಈಗ ಹಾಕು," ಎಂದರು. ಅವನು ಸೆಕೆಂಡಿಗೆ ಹಾಕಿದ. ಎಲ್ಲಿಯೂ ಸದ್ದಾಗಲಿಲ್ಲ. ಲಾರಿ ಮಣ್ಣಿನ ಗುಡ್ಡೆಯ ಪಕ್ಕ ತೂಗುತ್ತಾ ಇಳಿಯಿತು. ಬುಟ್ಟಿ ಹೊತ್ತ ಹೆಂಗಸರು ಮುಂಚೆಯೇ ದೂರ ಸರಿದು ನಿಂತಿದ್ದರು. ಭಾವ ಅವರನ್ನು ಕಿಟಕಿಯಿಂದ ನೋಡಿದರು. ಎಂದಿನಂತೆ ಕೈ ಎತ್ತಲಿಲ್ಲ.

ಮನೆಯ ಮುಂದೆ ಅಕ್ಕ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಬೀದಿಯ ತುದಿಯಲ್ಲಿ ಗಾಡಿ ತಿರುಗಿ, ಕರ್ ಎನ್ನದೆ, ಕೀರದೆ ಬಂದದ್ದನ್ನು ಅವಳ ಕಿವಿ ಮೊದಲು ಹಿಡಿದಿರಬೇಕು. ಬಟ್ಟೆಯ ಗಂಟನ್ನು ಎದೆಗೊತ್ತಿಕೊಂಡು ನಗುತ್ತಲೇ ಗೇಟಿಗೆ ಬಂದಳು. ಡ್ರೈವರ್ ಬಾಗಿಲಿನಿಂದ ತಮ್ಮ ಇಳಿದ. ಆಚೆ ಕಡೆಯಿಂದ, ಕಾಲಿಗೆ ಬಟ್ಟೆ ಸುತ್ತಿದ ಗಂಡ, ಮೆಟ್ಟಿಲನ್ನು ಕಣ್ಣಿನಿಂದ ಹುಡುಕಿ ಹುಡುಕಿ ಇಳಿದರು. ಅವಳ ನಗು ನಿಂತಿತು.

"ಗಾಡಿ ಸರಿ ಹೋಯ್ತಾ?" ಎಂದು ಕೇಳಿದಳು, ಬೇರೇನು ಕೇಳಬೇಕೋ ತಿಳಿಯದೆ. ಕೇಳಿದ್ದು ತಮ್ಮನನ್ನು.

ಉತ್ತರ ಕೊಟ್ಟದ್ದು ಭಾವ. ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಅವಳ ಪಕ್ಕದಲ್ಲೇ ಹಾದು, ಒಂದೊಂದು ಹೆಜ್ಜೆಯನ್ನೂ ನೋಡಿ ಇಡುತ್ತಾ ಒಳಗೆ ಹೋಗುವಾಗ ಹೇಳಿದರು.

"ಗಾಡಿ ಸರಿಯಾಗೇ ಇತ್ತು ಕಣೆ."