ದ್ವೀಪದಲ್ಲಿ ಕೇಳಿದ ನಿನಾಂಗ್

ನನ್ನ ಅಂಗಡಿಯಲ್ಲಿ ಒಂದು ಬಟ್ಟಲು ಬಾಚೊಯ್ ತಗೊಂಡರೆ ಶಾವಿಗೆಗೆ ಮಾತ್ರ ದುಡ್ಡು, ಸಾರು ಎಷ್ಟು ಸಲ ಕೇಳಿದರೂ ಪುಕ್ಕಟೆ. ಇಲೊಯಿಲೊ ಕಡೆ ಎಲ್ಲ ಅಂಗಡಿಗಳಲ್ಲೂ ಇದೇ ಪದ್ಧತಿ, ನಾನೊಬ್ಬಳು ಬದಲಾಯಿಸುವ ಹಾಗಿಲ್ಲ. ಹೀಗಾಗಿ ಟೀವಿಯಲ್ಲಿ ‘ಖಾಲಿ ದ್ವೀಪ’ ಶುರುವಾದ ಮೇಲೆ ಪ್ರತಿ ಶನಿವಾರ ಸಂಜೆ ಒಂದೇ ಬಟ್ಟಲು ಮುಂದಿಟ್ಟುಕೊಂಡು ಮೂರು ಗಂಟೆ ಕೂರುವವರು ಹೆಚ್ಚಾದರು. ಕೂರಲಿ ಬಿಡಿ. ನಮ್ಮ ಬೀದಿಯ ವೆಂಗ್ ಆಡುತ್ತಿದ್ದಳಲ್ಲ.

ಆಟ ಸರಳ. ಹದಿನಾರು ಜನರನ್ನು ಯಾರೂ ಇಲ್ಲದ ದ್ವೀಪದಲ್ಲಿ ಬಿಡುತ್ತಾರೆ. ಮೂರು ದಿನಕ್ಕೊಮ್ಮೆ ಅವರೇ ಗುಟ್ಟಾಗಿ ಹೆಸರು ಬರೆದು ತಮ್ಮಲ್ಲೊಬ್ಬರನ್ನು ಹೊರಗೆ ಹಾಕಬೇಕು. ಕೊನೆಗೆ ಇಬ್ಬರು ಉಳಿದಾಗ, ಅದಕ್ಕೆ ಸ್ವಲ್ಪ ಮುಂಚೆ ಹೊರಬಿದ್ದ ಕಡೆಯ ಏಳು ಮಂದಿ ಗೆದ್ದವರು ಯಾರೆಂದು ಚೀಟಿ ಬರೆಯಬೇಕು. ಚಿತ್ರೀಕರಣ ಮುಗಿದು ಆಗಲೇ ಐದು ತಿಂಗಳಾಗಿತ್ತು. ಆ ಏಳು ಚೀಟಿಗಳು ಮಾತ್ರ ಮೊಹರು ಹಾಕಿದ ಪೆಟ್ಟಿಗೆಯಲ್ಲಿದ್ದವು. ವೆಂಗ್ ಊರಿಗೆ ಬಂದು ಬಾಯಿ ಹೊಲಿದುಕೊಂಡು ಕೂತಿದ್ದಳು. ಮೊದಲೇ ಏನಾದರೂ ಹೇಳಿದರೆ ಟೀವಿಯವರು ಕೋರ್ಟಿಗೆ ಎಳೆಯುತ್ತಾರಂತೆ.

ದ್ವೀಪದಲ್ಲಿ ಅವಳಿಗೆ ಜೊತೆಯಾದವಳು ಜುವಿ. ಅಂತಿಕೆ ಪ್ರಾಂತ್ಯದವಳು, ಚಾಪೆ ಹೆಣೆಯುವವಳು, ಮಾತು ಕಡಿಮೆ. ಮನೆಯಲ್ಲಿ ಬಿಟ್ಟು ಬಂದ ಆರು ತಿಂಗಳ ಮಗುವನ್ನು ನೆನೆದು ವೆಂಗ್ ಅತ್ತಾಗ ತನ್ನ ಪಾಲಿನ ಗೆಣಸನ್ನು ಮುರಿದು ಕೊಟ್ಟವಳು. ಆ ಹೊತ್ತಿನಲ್ಲೇ ವೆಂಗ್, ‘ನನ್ನ ಮಗೂಗೆ ನೀನೇ ನಿನಾಂಗ್ ಆಗು. ಕೊನೇವರೆಗೂ ಇಬ್ರೂ ಜೊತೆಗೇ ಇರೋಣ’ ಎಂದಳು. ನಿನಾಂಗ್ ಎಂದರೆ ಜ್ಞಾನಸ್ನಾನದ ದಿನ ಮಗುವಿಗೆ ದೇವರೆದುರು ತಾಯಿಯಾಗಿ ನಿಲ್ಲುವವಳು, ಗಂಡಸಾದರೆ ನಿನೋಂಗ್. ಅಂದಿನಿಂದ ಹೆತ್ತವಳಿಗೂ ಅವಳಿಗೂ ‘ಮಾರೆ’ ಎನ್ನುವ ನಂಟು, ರಕ್ತಸಂಬಂಧಕ್ಕಿಂತ ಒಂದು ಗುಲಗಂಜಿ ಹೆಚ್ಚೇ. ಜುವಿ ಒಪ್ಪಿದಳು. ಒಂಬತ್ತು ದಿನದ ಮೇಲೆ ವೆಂಗ್ ಚೀಟಿಯಲ್ಲಿ ಅವಳ ಹೆಸರನ್ನೇ ಬರೆದು ಹೊರಗೆ ಹಾಕಿದಳು.

ಅದು ಪ್ರಸಾರವಾದ ಶನಿವಾರ ನನ್ನ ಅಂಗಡಿಯಲ್ಲಿ ಬಟ್ಟಲು ಒಡೆಯದಿದ್ದುದೇ ಪುಣ್ಯ.

‘ಥೂ!’ ಎಂದ ನೋಂಗ್ ಸೆಲ್ಸೊ. ಮೂವತ್ತು ವರ್ಷ ಕೋಳಿಅಂಕದಲ್ಲಿ ಬಾಜಿ ಕೂಗಿದ ಮುದುಕ, ಊರಿಗೆಲ್ಲ ನೋಂಗ್, ಅಂದರೆ ಅಣ್ಣ. ‘ಅಂಕದಲ್ಲಿ ಕಾಗದ ಇಲ್ಲ, ಸಹಿ ಇಲ್ಲ. ಬೆರಳೆತ್ತಿ ತೋರಿಸಿದ್ರೆ ಮುಗೀತು. ಅಲ್ಲೂ ಮಾತು ತಪ್ಪಲ್ಲ ಕಣ್ರೀ. ಇವ್ಳು ಮಾರೆಗೇ ಚೂರಿ ಹಾಕಿದ್ಲಲ್ಲ!’

‘ನೋಂಗ್, ಅದು ಆಟ,’ ಎಂದಳು ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಿಸ್ ಅಂಪಾರೊ. ‘ಜುವಿ ಕೊನೇವರೆಗೂ ಉಳಿದಿದ್ರೆ ಏಳು ವೋಟೂ ಅವ್ಳಿಗೇ. ವೆಂಗ್ ಲೆಕ್ಕ ಹಾಕಿದ್ಲು, ತೆಗೆದ್ಲು. ಸುಳ್ಳು ಹೇಳಬಾರ್ದು ಅಂತ ಯಾವ ನಿಯಮದಲ್ಲಿದೆ, ತೋರ್ಸಿ?’

‘ನಿನಾಂಗ್ ಆಗು ಅಂತ ಕೇಳೋದೂ ಲೆಕ್ಕಾನಾ, ಮಿಸ್?’

‘ಗೆಲ್ಲೋಕೆ ಬಂದವ್ಳು ಎಲ್ಲಾನೂ ಬಳಸ್ತಾಳೆ.’

‘ನಿಮ್ ಮಕ್ಕಳಿಗೆ ನಾನು ನಿನೋಂಗ್ ಆಗದೇ ಇದ್ದಿದ್ದು ಒಳ್ಳೇದೇ ಆಯ್ತು ಬಿಡಿ.’

‘ನಿಮ್ಮನ್ನ ಕೇಳಿದ್ದಾದ್ರೂ ಯಾರು?’

ನಾನು ಸಾರು ಹುಯ್ಯುತ್ತಾ ಹೋದೆ. ನಿಜ ಹೇಳಬೇಕೆಂದರೆ ನನಗೂ ವೆಂಗ್ ಮೇಲೆ ಸಿಟ್ಟು ಬಂದಿತ್ತು. ಆದರೆ ಅವಳು ಚಿಕ್ಕಂದಿನಿಂದ ನನ್ನ ಅಂಗಡಿಯಲ್ಲೇ ಉಂಡು ಬೆಳೆದವಳು, ಬೈಯುವುದಿದ್ದರೆ ಎದುರಿಗೇ ಬೈಯಬೇಕು.

ಸೋಮವಾರ ಅವಳೇ ಬಂದಳು. ಮಗುವಿನ ಜ್ಞಾನಸ್ನಾನದ ಊಟಕ್ಕೆ ಬಾಚೊಯ್ ಹೇಳಲು. ಸೆಲ್ಸೊ, ಅಂಪಾರೊ ಇಬ್ಬರೂ ಅಲ್ಲೇ ಇದ್ದರು.

‘ನಿನಾಂಗ್ ಯಾರ್ಯಾರು?’ ಎಂದೆ.

‘ಜುವಿ.’

‘ಮತ್ತೆ?’

‘ಅಷ್ಟೇ, ಮನಾಂಗ್. ಚರ್ಚಿಗೆ ಒಂದೇ ಹೆಸರು ಕೊಟ್ಟಿದೀನಿ.’ ಮನಾಂಗ್ ಎಂದರೆ ಅಕ್ಕ, ಬೀದಿಯವರಿಗೆಲ್ಲ ನಾನು ಅದೇ.

ಒಂದು ಮಗುವಿಗೆ ಹತ್ತು ಹದಿನೈದು ನಿನಾಂಗ್‌ಗಳನ್ನು ಸಾಲಾಗಿ ನಿಲ್ಲಿಸುವ ಊರು ನಮ್ಮದು. ಸೆಲ್ಸೊ ಚಮಚ ಕೆಳಗಿಟ್ಟ.

‘ಬರ್ತೀನಿ ಅಂದಿದಾಳಾ?’

‘ಐದು ತಿಂಗಳಿಂದ ನನ್ನ ಮೆಸೇಜಿಗೆ ಉತ್ತರ ಇಲ್ಲ. ದಿನ, ಹೊತ್ತು ಕಳ್ಸಿದೀನಿ.’

‘ಬರ್ದೇ ಇದ್ರೆ?’

‘ಜ್ಞಾನಸ್ನಾನ ಇಲ್ದೇ ಮಗು ಹಾಗೇ ಇರುತ್ತೆ. ಬೇರೆಯವ್ರನ್ನ ನಿಲ್ಸಲ್ಲ. ಹೆಸರು ಬರ್ದಿದ್ದು ಆಟ. ನಿನಾಂಗ್ ಆಗು ಅಂತ ಕೇಳಿದ್ದು ಆಟ ಅಲ್ಲ. ಇದನ್ನ ಯಾರೂ ನಂಬಲ್ಲ, ನಮ್ಮತ್ತೆ ಕೂಡ ನಂಬಲ್ಲ. ಅವ್ಳು ನಂಬಿದ್ರೆ ಸಾಕು.’

‘ಎರಡನ್ನೂ ಹೇಳಿದ್ದು ಅದೇ ಬಾಯಲ್ವೇನೇ,’ ಎಂದೆ. ಬೈಯಬೇಕೆಂದಿದ್ದೆ, ಅಷ್ಟೇ ಆಯಿತು.

ಕೊನೆಯ ಶನಿವಾರ ವೆಂಗ್, ಉಳಿದ ಇಬ್ಬರಲ್ಲಿ ಒಬ್ಬಳಾಗಿ, ಮನಿಲಾದ ಸ್ಟುಡಿಯೋದಲ್ಲಿದ್ದಳು. ಚೀಟಿಗಳನ್ನು ಒಂದೊಂದಾಗಿ ತೆರೆದರು. ಮೂರು ಅವಳಿಗೆ, ಮೂರು ಇನ್ನೊಬ್ಬನಿಗೆ. ಉಳಿದದ್ದು ಜುವಿಯದು. ಅಂಗಡಿಯಲ್ಲಿ ಸಾರು ಕೇಳುವವರೂ ಇರಲಿಲ್ಲ.

ಚೀಟಿಯಲ್ಲಿ ಇದ್ದದ್ದು ವೆಂಗ್ ಹೆಸರು. ಅಂದು ದ್ವೀಪದಲ್ಲಿ ಅದನ್ನು ಬರೆಯುವಾಗ ಜುವಿ ಕ್ಯಾಮೆರಾ ಕಡೆ ನೋಡಿ, ‘ಚೆನ್ನಾಗಿ ಆಡಿದಾಳೆ’ ಎಂದಿದ್ದಳು. ಬೇರೇನೂ ಹೇಳಿರಲಿಲ್ಲ.

ಅಂಪಾರೊ ಕುರ್ಚಿ ಹತ್ತಿ ನಿಂತಳು. ‘ನೋಡಿದ್ರಾ, ನೋಂಗ್? ಏಟು ತಿಂದವ್ಳೇ ಒಪ್ಕೊಂಡ್ಲು!’

‘ಒಪ್ಕೊಂಡಿದ್ದಲ್ಲ, ಕ್ಷಮಿಸಿದ್ದು,’ ಎಂದ ಸೆಲ್ಸೊ ಕಣ್ಣೊರೆಸುತ್ತಾ. ‘ಮಾರೆ ಅಂದ್ರೆ ಮಾರೆ.’ ಅಲ್ಲಿಗೆ ಊರೆಲ್ಲ ಜುವಿ ಬಂದೇ ಬರುತ್ತಾಳೆಂದು ತೀರ್ಮಾನಿಸಿತು. ಬಂದರೆ ಎಲ್ಲ ಸರಿಹೋದಂತೆ ಎಂದೂ ತೀರ್ಮಾನಿಸಿತು. ನಾನೂ ಹಾಗೆಯೇ ತಿಳಿದಿದ್ದೆ.

ಮುಂದಿನ ಭಾನುವಾರ ಪಾದ್ರಿ ಎರಡು ಸಲ ಗಡಿಯಾರ ನೋಡಿಕೊಂಡ ಮೇಲೆ ಜುವಿ ಚರ್ಚಿನ ಬಾಗಿಲಲ್ಲಿ ಕಾಣಿಸಿದಳು. ಇಸ್ತ್ರಿ ಮಾಡಿದ ಬಿಳಿ ಉಡುಪು, ಕಂಕುಳಲ್ಲಿ ಸುತ್ತಿದ ಚಾಪೆ. ನೇರ ಬಂದು ಮಗುವನ್ನು ಎತ್ತಿಕೊಂಡಳು, ಕೇಳಿದ ಪ್ರತಿಜ್ಞೆಗೆಲ್ಲ ಗಟ್ಟಿ ದನಿಯಲ್ಲಿ ಉತ್ತರ ಕೊಟ್ಟಳು. ನೀರು ಬಿದ್ದಾಗ ಮಗು ಚೀರಿತು, ಅವಳ ಹೆಗಲಿಗೆ ಮುಖ ಒತ್ತಿ ಸುಮ್ಮನಾಯಿತು. ವೆಂಗ್ ಬಿಕ್ಕಿ ಬಿಕ್ಕಿ ಅತ್ತಳು.

ಊಟ ನನ್ನ ಅಂಗಡಿಯಲ್ಲಿ. ಜುವಿ ಚಾಪೆ ಬಿಡಿಸಿ ಮಗುವನ್ನು ಅದರ ಮೇಲೆ ಕೂರಿಸಿದಳು. ಸಣ್ಣಗೆ ಸೀಳಿದ ಕೇದಗೆ ಗರಿ, ಅಂಚಿನಲ್ಲಿ ಮಗುವಿನ ಹೆಸರು ಹೆಣೆದಿತ್ತು. ಅಂಥ ಚಾಪೆಗೆ ಏನಿಲ್ಲವೆಂದರೂ ಮೂರು ತಿಂಗಳು ಬೇಕು. ನಾವು ಇಲ್ಲಿ ಬಟ್ಟಲು ಕುಟ್ಟಿ ವಾದ ಮಾಡುವುದಕ್ಕೆ ಎಷ್ಟೋ ಮೊದಲೇ ಅವಳು ಬರುವುದೆಂದು ನಿಶ್ಚಯಿಸಿಕೊಂಡಿದ್ದಳು.

ವೆಂಗ್ ಸಾರಿನ ಸೌಟು ಹಿಡಿದು ಅವಳ ಬಳಿ ಹೋದಳು. ‘ಮಾರೆ, ಇನ್ನೊಂಚೂರು ಸಾರು ಹಾಕ್ಲಾ?’

‘ಜುವಿ ಅಂತ ಕರಿ,’ ಎಂದಳು ಅವಳು. ದನಿಯಲ್ಲಿ ಕೋಪ ಇರಲಿಲ್ಲ.

‘ನೀನು ಬಂದೆ... ವೋಟೂ ಹಾಕ್ದೆ...’

‘ಚೆನ್ನಾಗಿ ಆಡಿದ್ದೆ, ಹಾಕ್ದೆ. ಮಗೂಗೆ ಆಗ್ತೀನಿ ಅಂದಿದ್ದೆ, ಬಂದೆ. ಮಗು ಏನು ತಪ್ಪು ಮಾಡಿದೆ? ವರ್ಷಾ ವರ್ಷಾ ಹುಟ್ಟುಹಬ್ಬಕ್ಕೆ ಬರ್ತೀನಿ, ಕ್ರಿಸ್‌ಮಸ್‌ಗೂ ಬರ್ತೀನಿ. ನೀನು ಮನೇಲಿ ಇರ್ಲೇಬೇಕು ಅಂತೇನಿಲ್ಲ.’

ಬಟ್ಟಲು ಖಾಲಿ ಮಾಡಿ, ಮಗುವಿನ ಹಣೆಗೆ ಮುತ್ತಿಟ್ಟು, ಎರಡು ಗಂಟೆಯ ಬಸ್ಸಿಗೆ ಅವಳು ಹೊರಟಳು. ಸೆಲ್ಸೊ ಮತ್ತು ಅಂಪಾರೊ ಎದುರುಬದುರು ಕೂತಿದ್ದರು. ಆರು ವಾರಗಳಲ್ಲಿ ಮೊದಲ ಸಲ ಇಬ್ಬರೂ ವಾದ ಬಿಟ್ಟು ತಂತಮ್ಮ ಬಟ್ಟಲು ಎತ್ತಿ ಒಳಗೆ ತಂದಿಟ್ಟರು.

ಪಾತ್ರೆ ತೊಳೆಯಲು ವೆಂಗ್ ನನ್ನ ಜೊತೆ ನಿಂತಳು. ಒಂದೇ ಬಟ್ಟಲನ್ನು ಬಹಳ ಹೊತ್ತು ಉಜ್ಜಿದಳು.

‘ಮನಾಂಗ್, ಕ್ರಿಸ್‌ಮಸ್‌ಗೆ ಬರ್ತಾಳಲ್ವಾ?’

‘ಬರ್ತಾಳೆ,’ ಎಂದೆ. ‘ಅವ್ಳು ಹೇಳಿದ ಹಾಗೆ ನಡ್ಕೊಳ್ತಾಳೆ.’